ಎಬಿಎಸ್ ಲೈಟು, ಹೊಸ ಸೆನ್ಸರು, ಮತ್ತೆ ಅದೇ ಲೈಟು

ಜಾಬ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಎಬಿಎಸ್ ಲೈಟ್ ಆನ್, ಇಎಸ್‌ಪಿ ಲೈಟ್ ಆನ್, ಚೆಕ್ ಮಾಡಿ.’ ಎಬಿಎಸ್ ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ, ಇಎಸ್‌ಪಿ ಅಂದರೆ ಕಾರು ಜಾರಿ ಅಡ್ಡ ತಿರುಗದಂತೆ ತಡೆಯುವುದು. ದೋಷ ಓದುವ ಸ್ಕ್ಯಾನರ್ ಹಾಕಿದರೆ ಸಿಕ್ಕಿದ್ದು ಒಂದೇ ದೋಷದ ಕೋಡ್, ಹಿಂದಿನ ಬಲ ಚಕ್ರದ ಸ್ಪೀಡ್ ಸೆನ್ಸರ್. ಸೆನ್ಸರ್ ಸ್ಟಾಕಿನಲ್ಲಿತ್ತು. ಒಂದು ಬೋಲ್ಟು, ಒಂದು ಕಪ್ಲರ್ (ವೈರು ಜೋಡಿಸುವ ಪ್ಲಗ್ಗು), 20 ನಿಮಿಷದ ಕೆಲಸ. ಕೋಡ್ ಅಳಿಸಿ, ಅಂಗಳದಲ್ಲೇ ಎರಡು ಸುತ್ತು ಓಡಿಸಿ, ಲೈಟು ಬರಲಿಲ್ಲ ಅಂತ ಡೆಲಿವರಿ ಕೊಟ್ಟದ್ದಾಯಿತು. ಮರುದಿನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಅದೇ ಕಾರು ಗೇಟಿನಲ್ಲಿ ನಿಂತಿತ್ತು, ಎರಡೂ ಲೈಟು ಹೊತ್ತಿಸಿಕೊಂಡು. ಕಸ್ಟಮರ್ ಜೊತೆ ಮಾತಾಡಿ ಜಾಬ್ ಕಾರ್ಡ್ ಬರೆಯುವ ಅಡ್ವೈಸರ್ ಆ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ‘ರಿಪೀಟ್’ ಅಂತ ಬರೆದು, ಒಂದೂ ಮಾತಾಡದೆ ಟೂಲ್ ಟ್ರಾಲಿಯ ಮೇಲಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ಎಡವಿದ್ದು ಎಲ್ಲಿ ಅಂದರೆ, ಕೋಡಿನ ನಂಬರ್ ಓದಿ ಅದರ ಕೆಳಗಿನ ಸಣ್ಣ ಸಾಲನ್ನು ಓದದೆ ಬಿಟ್ಟಲ್ಲಿ. ಆ ಸಾಲು ಹೇಳಿದ್ದು, ಈ ಚಕ್ರದ ಸಿಗ್ನಲ್ ಉಳಿದ ಮೂರು ಚಕ್ರಕ್ಕೆ ತಾಳೆಯಾಗುತ್ತಿಲ್ಲ ಅಂತ. ಸರ್ಕ್ಯೂಟ್ ಓಪನ್, ಸರ್ಕ್ಯೂಟ್ ಶಾರ್ಟ್ ಅಂತ ಬಂದಿದ್ದರೆ ದಾರಿಯೇ ಬೇರೆ. ವೈರು ಕಡಿದಿರುವುದನ್ನು ಮಾಡ್ಯೂಲ್, ಅಂದರೆ ಎಬಿಎಸ್ ನಡೆಸುವ ಕಂಪ್ಯೂಟರ್, ಕಾರು ನಿಂತಿದ್ದಾಗಲೇ ಕಂಡುಹಿಡಿಯುತ್ತದೆ. ಕೋಡ್ ಅಳಿಸಿ ಕೀ ಆನ್ ಮಾಡಿದರೆ ಲೈಟು ಆರುವುದೇ ಇಲ್ಲ, ಅಥವಾ ಆರಿದ ಕೂಡಲೇ ವಾಪಸ್ ಬರುತ್ತದೆ. ಸಿಗ್ನಲ್ಲೇ ಬರುತ್ತಿಲ್ಲವಾದರೆ ಕಾರು ಹೊರಟು 10–20 ಕಿ.ಮೀ. ವೇಗ ಮುಟ್ಟುವಾಗ ಲೈಟು ಬರುತ್ತದೆ. ಸಿಗ್ನಲ್ ಬರುತ್ತಿದೆ, ಆದರೆ ಲೆಕ್ಕ ತಪ್ಪಿದೆ ಅಂದರೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆಯೇ ಮಾಡ್ಯೂಲಿಗೆ ಅನುಮಾನ ಹುಟ್ಟುವುದು. ಅಂಗಳದಲ್ಲಿ 15ರ ವೇಗದಲ್ಲಿ ಎರಡು ಸುತ್ತು ಹೊಡೆದರೆ ಈ ಮೂರನೆಯದು ಜನ್ಮದಲ್ಲಿ ಬರುವುದಿಲ್ಲ. ಗೇಟಿನಾಚೆ ಟ್ರಯಲ್ ಹೋಗಲು ಸಹಿ ಬೇಕು, ಸಹಿ ಹಾಕುವವರು ಮೀಟಿಂಗಿನಲ್ಲಿ, ಟಾರ್ಗೆಟ್ ಮಾತ್ರ ಗಡಿಯಾರ ನೋಡುತ್ತಾ ಕೂತಿರುತ್ತದೆ. ಇರಲಿ.

ಎರಡನೇ ಸಲ ಮಾಡಿದ್ದು ಮೊದಲನೇ ಸಲವೇ ಮಾಡಬೇಕಿದ್ದ ಕೆಲಸ. ನೇರವಾದ, ಖಾಲಿ ರಸ್ತೆ. ಓಡಿಸುವವರು ಒಬ್ಬರು, ಪಕ್ಕದಲ್ಲಿ ಸ್ಕ್ಯಾನರ್ ಹಿಡಿದವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಲು ಹೋಗಬೇಡಿ. ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ಸ್ಪೀಡನ್ನು ಒಂದೇ ಗ್ರಾಫಿಗೆ ಹಾಕಿಟ್ಟಿತ್ತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡುವುದು ಸಹಜ, ಹಾಗಾಗಿ ತಿರುವಿನ ರೀಡಿಂಗಿಗೆ ಬೆಲೆಯಿಲ್ಲ. 20ಕ್ಕೆ ಗೆರೆಗಳು ಒಂದರ ಮೇಲೊಂದು ಕೂತಂತೆಯೇ ಕಂಡವು. 40ಕ್ಕೆ ಮೂರು ಚಕ್ರ 40 ತೋರಿಸಿದರೆ ಬಲ ಹಿಂದಿನದು 36, 37ರ ನಡುವೆ ನಿಂತಿತು. 60ಕ್ಕೆ 55. ಗೆರೆ ಎಲ್ಲೂ ಮುರಿಯಲಿಲ್ಲ, ಸೊನ್ನೆಗೆ ಬೀಳಲಿಲ್ಲ, ನಡುಗಲೂ ಇಲ್ಲ. ಹಿಂದೆ ತಿರುಗಿ ನೋಡಿದರೆ 20ರಲ್ಲೂ ವ್ಯತ್ಯಾಸ ಇತ್ತು. ಅದು 18ರ ಆಸುಪಾಸು ತೋರಿಸುತ್ತಿತ್ತು, ಗ್ರಾಫಿನ ಸ್ಕೇಲಿನಲ್ಲಿ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಇಷ್ಟು ಹೊತ್ತಿಗೆ ಲೈಟು ಬಂತು. ಕಾರಿನೊಳಗೆ ಇಬ್ಬರೂ ಸುಮ್ಮನೆ ಕೂತಿದ್ದರು. ನಿನ್ನೆ ಬಿಲ್ ಮಾಡಿದ ಸೆನ್ಸರಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವುದು ಅಷ್ಟರಲ್ಲಿ ಇಬ್ಬರಿಗೂ ಗೊತ್ತಾಗಿತ್ತು.

ಸೆನ್ಸರ್ ಕೆಟ್ಟರೆ ಹೀಗೆ ಕೆಡುವುದಿಲ್ಲ. ಸಿಗ್ನಲ್ ಬಿಟ್ಟುಬಿಟ್ಟು ಬರಬಹುದು, ಪೂರ್ತಿ ನಿಲ್ಲಬಹುದು, ಬಿಸಿಯಾದ ಮೇಲೆ ಸಾಯಬಹುದು. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ, ಶೇ 8ರಷ್ಟು ಕಡಿಮೆ ತೋರಿಸುತ್ತಾ ಕೂರುವುದಿಲ್ಲ. ಒಂದೇ ಪ್ರಮಾಣದ ತಪ್ಪು ಅಂದರೆ ಎಣಿಕೆಯ ತಪ್ಪು: ಒಂದೋ ಚಕ್ರದ ಸುತ್ತಳತೆ ಬೇರೆ, ಇಲ್ಲವೇ ಚಕ್ರದ ಒಂದು ಸುತ್ತಿಗೆ ಸೆನ್ಸರಿನಿಂದ ಬರುವ ಪಲ್ಸ್, ಅಂದರೆ ಸಿಗ್ನಲ್ಲಿನ ಮಿಡಿತಗಳ ಸಂಖ್ಯೆ, ಬೇರೆ.

ಟೈರನ್ನು ಮೊದಲು ನೋಡಿದ್ದು ಅದು ಸುಲಭ ಅಂತ. 195/65 ಆರ್15 ಟೈರಿನ ವ್ಯಾಸ ಸುಮಾರು 634 ಮಿ.ಮೀ., 185/65 ಆರ್15ರದು ಸುಮಾರು 621. ವ್ಯತ್ಯಾಸ ಶೇ 2. ಅಂದರೆ ಒಂದು ಸೈಜ್ ತಪ್ಪಿದರೂ 8 ಮುಟ್ಟುವುದಿಲ್ಲ. ಅದೂ ಅಲ್ಲದೆ ಟೈರು ಚಿಕ್ಕದಾದರೆ ಚಕ್ರ ಹೆಚ್ಚು ಸುತ್ತುತ್ತದೆ, ಸ್ಪೀಡ್ ಜಾಸ್ತಿ ತೋರಿಸುತ್ತದೆ. ಗಾಳಿ ಕಡಿಮೆಯಾದರೂ ಹಾಗೆಯೇ. ಇಲ್ಲಿ ಕಡಿಮೆ ತೋರಿಸುತ್ತಿತ್ತು. ಆದರೂ ಹಿಂದಿನ ಎರಡು ಚಕ್ರವನ್ನು ಎಡಬಲ ಅದಲುಬದಲು ಮಾಡಿ ಇನ್ನೊಂದು ಟ್ರಯಲ್ ಹೊಡೆಯಲಾಯಿತು. ತಪ್ಪು ಟೈರಿನ ಜೊತೆ ಎಡಕ್ಕೆ ಹೋಗಲಿಲ್ಲ, ಬಲಗಡೆಯ ಹಬ್ಬಿನಲ್ಲೇ, ಅಂದರೆ ಚಕ್ರ ಬಿಗಿಯುವ, ಬೇರಿಂಗ್ ಇರುವ ಭಾಗದಲ್ಲೇ ಉಳಿಯಿತು.

ಆಗ ಕಸ್ಟಮರನ್ನು ಕೇಳಬೇಕಾದ ಪ್ರಶ್ನೆ ಕೇಳಿದ್ದು: ಇತ್ತೀಚೆಗೆ ಹಿಂದೆ ಏನಾದರೂ ಕೆಲಸ ಆಗಿದೆಯಾ? ಆಗಿದೆ, ಎರಡು ವಾರದ ಹಿಂದೆ ಬೇರೆ ಕಡೆ ಬೇರಿಂಗ್ ಹಾಕಿಸಿದ್ದು, ಗುಂಯ್ ಅನ್ನುವ ಸದ್ದು ಬರುತ್ತಿತ್ತಂತೆ. ಈ ಮಾತು ಜಾಬ್ ಕಾರ್ಡಿನಲ್ಲಿ ಇರಬೇಕಿತ್ತು. ಅಡ್ವೈಸರ್ ಕೇಳಲಿಲ್ಲ ಅನ್ನುವುದು ನಿಜ, ರಿಪೇರಿ ಮಾಡುವ ಬೇಯಲ್ಲಿದ್ದ ನಾವೂ ಕೇಳಲಿಲ್ಲ ಅನ್ನುವುದೂ ನಿಜ.

ಚಕ್ರದ ಜೊತೆ ತಿರುಗುತ್ತಾ ಸೆನ್ಸರಿಗೆ ಎಣಿಕೆ ಕೊಡುವ ಹಲ್ಲಿನ ರಿಂಗ್ ಈಗಿನ ಬಹುತೇಕ ಕಾರುಗಳಲ್ಲಿ ಇಲ್ಲ. ಬೇರಿಂಗಿನ ಸೀಲಿನಲ್ಲೇ ಉತ್ತರ ದಕ್ಷಿಣ ಧ್ರುವಗಳು ಸಾಲಾಗಿರುವ ಮ್ಯಾಗ್ನೆಟ್ ರಿಂಗ್ ಇರುತ್ತದೆ, ಕಣ್ಣಿಗೆ ಬರೀ ಕಪ್ಪು ರಬ್ಬರ್. ಅದನ್ನು ಓದುವುದು ಎರಡು ವೈರಿನ ಆಕ್ಟಿವ್ ಸೆನ್ಸರ್. ಅದು ವೋಲ್ಟೇಜ್ ಹುಟ್ಟಿಸುವುದಿಲ್ಲ. ಮಾಡ್ಯೂಲ್ ಕೊಟ್ಟ ಸಪ್ಲೈಯಿಂದ ಒಮ್ಮೆ 7, ಒಮ್ಮೆ 14 ಮಿಲಿ ಆಂಪಿಯರ್ ಎಳೆಯುತ್ತದೆ, ಅದೇ ಸಿಗ್ನಲ್. ಇದಕ್ಕೆ ಓಮ್ ಮೀಟರ್ ಹಿಡಿದರೆ ಏನೂ ತಿಳಿಯುವುದಿಲ್ಲ, ಸೆನ್ಸರ್ ಹಾಳಾಗುವ ಅಪಾಯ ಬೇರೆ. ಸ್ಕೋಪ್ (ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಉಪಕರಣ) ಇಲ್ಲದೆಯೂ ಪಲ್ಸ್ ಎಣಿಸಲು ಒಂದು ಉಪಾಯವಿದೆ. ಕಪ್ಲರ್ ಬಿಚ್ಚಿ ಎರಡು ಜಂಪರ್ ವೈರಿನಿಂದ ಮತ್ತೆ ಜೋಡಿಸಿ, ಒಂದರ ನಡುವೆ 100 ಓಮ್ ರೆಸಿಸ್ಟರ್ ಸೇರಿಸಿ. ಕೀ ಆನ್ ಮಾಡಿ ರೆಸಿಸ್ಟರಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ 7 ಮಿಲಿ ಆಂಪಿಯರಿಗೆ 0.7 ವೋಲ್ಟ್, 14ಕ್ಕೆ 1.4 ವೋಲ್ಟ್ ಕಾಣುತ್ತದೆ. ಬೇರೆ ಅಂಕಿ ಬಂದರೆ, ಅಥವಾ ಚಕ್ರ ತಿರುಗಿಸಿದರೂ ಅಂಕಿ ಕದಲದಿದ್ದರೆ, ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಕಾರನ್ನು ಲಿಫ್ಟಿಗೆ ಏರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಟೈರಿಗೂ ಫೆಂಡರಿಗೂ ಚಾಕ್‌ಪೀಸಿನಲ್ಲಿ ಒಂದೊಂದು ಗೆರೆ ಎಳೆದದ್ದಾಯಿತು. ಹೆಲ್ಪರ್ ಹುಡುಗ ಚಕ್ರವನ್ನು ಬೆರಳಗಲ ಬೆರಳಗಲ ತಿರುಗಿಸುತ್ತಾ ಹೋದ. ಮೀಟರಿನಲ್ಲಿ 0.7, 1.4, ಮತ್ತೆ 0.7. ಪ್ರತಿ 1.4ಕ್ಕೆ ಒಂದು ಎಣಿಕೆ. ಮೊದಲ ಸಲ 43 ಬಂತು, ನಡುವೆ ಯಾರೋ ಏರ್ ಗನ್ ಎಲ್ಲಿ ಅಂತ ಕೇಳಿದ್ದರಿಂದ ಅದನ್ನು ನಂಬಲಿಲ್ಲ. ಎರಡನೇ ಸಲ 44. ಮೂರನೇ ಸಲ 44. ಎಡಗಡೆ ಎಣಿಸಿದರೆ 48. 44ನ್ನು 48ರಿಂದ ಭಾಗಿಸಿ 60ರಿಂದ ಗುಣಿಸಿ: 55. ರಸ್ತೆಯಲ್ಲಿ ಕಂಡದ್ದೂ ಅದೇ. ನೋಡಲು ಒಂದೇ ಥರ, ಬೋಲ್ಟಿನ ತೂತು ಒಂದೇ ಥರ, ಬೇರೆ ವೇರಿಯಂಟಿನ ಹಬ್ಬು ತಂದು ಕೂರಿಸಿದ್ದರು. ಸದ್ದು ಹೋಗಿತ್ತು, ಲೆಕ್ಕ ತಪ್ಪಿತ್ತು.

ಬೇರಿಂಗ್ ಬದಲಾದ ಕಾರಿನಲ್ಲಿ ಇನ್ನೂ ಎರಡು ಅನಾಹುತ ನೋಡಲು ಸಿಗುತ್ತವೆ. ಪ್ರೆಸ್ ಮಾಡುವ ಬೇರಿಂಗಾದರೆ ಮ್ಯಾಗ್ನೆಟ್ ಇರುವ ಮುಖ ಒಂದೇ ಕಡೆ. ತಿರುಗಾಮುರುಗಾ ಹಾಕಿದರೆ ಆ ಚಕ್ರದ ಸ್ಪೀಡ್ ಸೊನ್ನೆ ಬಿಟ್ಟು ಏಳುವುದಿಲ್ಲ. ಎರಡೂ ಮುಖ ಒಂದೇ ಥರ ಕಂಡರೆ ಮ್ಯಾಗ್ನೆಟ್ ನೋಡುವ ಕಾರ್ಡನ್ನು ಸೀಲಿನ ಮೇಲಿಟ್ಟು ನೋಡಿ, ಪಟ್ಟೆ ಪಟ್ಟೆ ಕಂಡ ಮುಖ ಸೆನ್ಸರಿನ ಕಡೆ ಬರಬೇಕು. ಇನ್ನೊಂದು, ಆ ಮುಖಕ್ಕೆ ಸುತ್ತಿಗೆ ತಾಗಿಸುವುದು, ಅಥವಾ ಬೇರಿಂಗನ್ನು ಮ್ಯಾಗ್ನೆಟಿಕ್ ಟ್ರೇಯಲ್ಲಿ ಇಡುವುದು. ತುಕ್ಕು ಹಿಡಿದು ಅಂಟಿಕೊಂಡ ಸೆನ್ಸರನ್ನು ಡ್ರಿಲ್ ಮಾಡಿ ತೆಗೆದವರು ಬಿಟ್ಟುಹೋದ ಕಬ್ಬಿಣದ ಚೂರು ರಿಂಗಿಗೆ ಅಂಟಿಕೊಂಡು ಸುತ್ತಿಗೊಮ್ಮೆ ಸಿಗ್ನಲ್ ಕೆಡಿಸುವುದೂ ಉಂಟು.

ಹಲ್ಲಿನ ರಿಂಗ್ ಓದಿ ತಾನೇ ವೋಲ್ಟೇಜ್ ಹುಟ್ಟಿಸುವ ಹಳೆಯ ಪ್ಯಾಸಿವ್ ಸೆನ್ಸರ್ ಇರುವ ಕಾರಿನಲ್ಲಿ ಓಮ್ ಮೀಟರಿಗೆ ಕೆಲಸವಿದೆ. ಸಾಮಾನ್ಯವಾಗಿ 800ರಿಂದ 2,000 ಓಮ್ ಸುತ್ತಮುತ್ತ. ಅಂಕಿಗಿಂತ ಎಡಬಲ ಹೋಲಿಕೆ ಮುಖ್ಯ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಚಕ್ರವನ್ನು ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ 0.1 ವೋಲ್ಟಿಗಿಂತ ಹೆಚ್ಚು ಬರಬೇಕು. ಇವುಗಳಲ್ಲಿ ಒಂದು ವಿಚಿತ್ರ ಕಂಪ್ಲೇಂಟ್ ಬರುತ್ತದೆ: ಲೈಟೇ ಇಲ್ಲ, ಆದರೆ ಕಾರು ನಿಲ್ಲುವ ಹೊತ್ತಿಗೆ, 5–10 ಕಿ.ಮೀ. ವೇಗದಲ್ಲಿ, ಒಣ ರಸ್ತೆಯಲ್ಲೂ ಪೆಡಲ್ ಕಟಕಟ ಒದೆಯುತ್ತದೆ. ಸೆನ್ಸರಿನ ಕೆಳಗೆ ತುಕ್ಕು ಬೆಳೆದು ಅದನ್ನು ಮೇಲಕ್ಕೆತ್ತಿರುತ್ತದೆ, ಇಲ್ಲವೇ ರಿಂಗ್ ಬಿರುಕು ಬಿಟ್ಟಿರುತ್ತದೆ. ಸೆನ್ಸರಿಗೂ ರಿಂಗಿಗೂ ನಡುವಿನ ಒಂದು ಮಿ.ಮೀ. ಆಸುಪಾಸಿನ ಗ್ಯಾಪ್ ಹೆಚ್ಚಾದರೆ ನಿಧಾನದಲ್ಲಿ ಸಿಗ್ನಲ್ ಬತ್ತಿಹೋಗಿ, ಚಕ್ರ ಲಾಕ್ ಆಯಿತು ಅಂತ ಮಾಡ್ಯೂಲ್ ತಿಳಿಯುತ್ತದೆ. ಕೂರುವ ಜಾಗವನ್ನು ಉಜ್ಜಿ ತೆಗೆಯದೆ ಹೊಸ ಸೆನ್ಸರ್ ಹಾಕಿದರೆ ಅದೂ ಮೇಲೆಯೇ ಕೂರುತ್ತದೆ.

ಮುಂದಿನ ಚಕ್ರದ ಕೋಡಾದರೆ ಸ್ಟ್ರಟ್ (ಮುಂದಿನ ಸಸ್ಪೆನ್ಷನ್ ಕಂಬ) ಹತ್ತಿರ ವೈರು ಬಗ್ಗುವ ಜಾಗಕ್ಕೆ ಮೊದಲು ಕೈ ಹಾಕಿ. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುತ್ತಾ ವೈರನ್ನು ಎಳೆದು ಅಲ್ಲಾಡಿಸಿ, ಮೀಟರ್ ನೋಡುತ್ತಿರಿ. ಕಪ್ಲರಿನೊಳಗೆ ಹಸಿರು ಕಿಲುಬು ಕಂಡರೆ ಸ್ಪ್ರೇ ಹೊಡೆದು ಮುಚ್ಚಿಬಿಡುವುದು ಮುಂದಿನ ರಿಪೀಟಿಗೆ ಅರ್ಜಿ ಹಾಕಿದಂತೆ.

ನಾಲ್ಕೂ ಚಕ್ರದ ಕೋಡ್ ಒಟ್ಟಿಗೆ ಬಂದರೆ, ಅಥವಾ ಮಾಡ್ಯೂಲ್ ಸ್ಕ್ಯಾನರಿಗೆ ಸಿಗದೇ ಹೋದರೆ, ಚಕ್ರದ ಹತ್ತಿರ ಹೋಗಲೇಬೇಡಿ. ಬ್ಯಾಟರಿ ನೋಡಿ, ಫ್ಯೂಸ್ ನೋಡಿ. ಪಂಪ್ ಮೋಟರಿಗೆ ಒಂದು, ವಾಲ್ವಿಗೆ ಒಂದು, ಹೀಗೆ ದೊಡ್ಡ ಫ್ಯೂಸ್ ಎರಡು ಇರುತ್ತವೆ. ಅರ್ಥಿಂಗ್ ಬೋಲ್ಟನ್ನು ಓಮಿನಲ್ಲಿ ಅಳೆದು ಸರಿಯಿದೆ ಅನ್ನುವುದು ಮೋಸ, ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರ್ ಸರಿ ಅನ್ನುತ್ತದೆ. ಸ್ಕ್ಯಾನರಿನಿಂದ ಪಂಪ್ ಓಡಿಸಿ, ಓಡುತ್ತಿರುವಾಗ ಮಾಡ್ಯೂಲಿನ ಅರ್ಥಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ ವೋಲ್ಟೇಜ್ ಅಳೆಯಿರಿ, 0.2 ವೋಲ್ಟ್ ದಾಟಿದರೆ ಅಲ್ಲೇ ಕಾಯಿಲೆ. ಈ ಅಳತೆ ಮಾಡದೆ ಮಾಡ್ಯೂಲ್ ಆರ್ಡರ್ ಮಾಡಿ ಪೆಟ್ಟು ತಿಂದವರು ಎಲ್ಲ ವರ್ಕ್‌ಶಾಪಿನಲ್ಲೂ ಇದ್ದಾರೆ.

ಇಎಸ್‌ಪಿ ಒಂದೇ ಉರಿಯುತ್ತಿದ್ದು ಎಬಿಎಸ್ ಆರಿದ್ದರೆ ಚಕ್ರದ ಸೆನ್ಸರಿನ ಮೇಲೆ ಅನುಮಾನ ಕಡಿಮೆ. ಅಲೈನ್‌ಮೆಂಟ್ ಆಗಿದೆಯೇ, ಬ್ಯಾಟರಿ ಬಿಚ್ಚಿದ್ದರೇ ಕೇಳಿ. ನೇರ ಹೋಗುವಾಗ ಸ್ಟೀರಿಂಗ್ ಆಂಗಲ್ ಸೊನ್ನೆಯ ಹತ್ತಿರ ಇರಬೇಕು. 12 ಡಿಗ್ರಿ, 15 ಡಿಗ್ರಿ ತೋರಿಸಿದರೆ ಅಲೈನ್‌ಮೆಂಟ್ ನೋಡಿ ಆಮೇಲೆ ಸೊನ್ನೆ ಕ್ಯಾಲಿಬ್ರೇಶನ್, ಹಿಂದುಮುಂದಾಗಬಾರದು. ನಿಂತ ಕಾರಿನಲ್ಲಿ ‘ಯಾ’ (yaw) ಸೆನ್ಸರ್, ಅಂದರೆ ಕಾರು ಅಡ್ಡ ತಿರುಗುವುದನ್ನು ಅಳೆಯುವುದು, ಸೊನ್ನೆ ಬಿಟ್ಟು ಬೇರೆ ತೋರಿಸಿದರೆ ಕನ್ಸೋಲ್ ಕೆಳಗಿನ ಅದರ ಬೋಲ್ಟು ನೋಡಿ. ಬ್ರೇಕ್ ಸ್ವಿಚ್ ಇನ್ನೊಂದು ಕಳ್ಳ: ಹಿಂದಿನ ಲೈಟು ಚೆನ್ನಾಗಿಯೇ ಉರಿಯುತ್ತದೆ, ಎರಡನೇ ಕಾಂಟ್ಯಾಕ್ಟ್ ಸತ್ತಿರುತ್ತದೆ. ಲೈವ್ ಡೇಟಾದಲ್ಲಿ ಪೆಡಲ್ ಒತ್ತಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಜೊತೆಗೆ ಎಂಜಿನ್ ಲೈಟೂ ಇದ್ದರೆ ಎಂಜಿನ್ ಕೋಡ್ ಮೊದಲು ಮುಗಿಸಿ. ಟಾರ್ಕ್ ಇಳಿಸು ಅಂದರೆ ಎಂಜಿನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಪ್ಪದಿದ್ದಾಗ ಇಎಸ್‌ಪಿ ತಾನೇ ಕೈ ಎತ್ತಿಬಿಡುತ್ತದೆ.

ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟು ಬಂದ ಕಾರನ್ನು ಮಾತ್ರ ಟ್ರಯಲ್ ಅಂತ ರಸ್ತೆಗೆ ಒಯ್ಯಬೇಡಿ. ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಬಲ ಹಂಚುವ ಇಬಿಡಿಯೂ ಹೋಗಿರಬಹುದು, ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ. ಫ್ಲೂಯಿಡ್, ಹ್ಯಾಂಡ್‌ಬ್ರೇಕ್ ಸ್ವಿಚ್, ಲೀಕ್, ಇಷ್ಟು ನಿಂತಲ್ಲೇ ನೋಡಿ.

ನಮ್ಮ ಆ ರಿಪೀಟ್ ಕಾರಿಗೆ ಸರಿಯಾದ ಹಬ್ಬು ಎರಡು ದಿನದ ಮೇಲೆ ಬಂತು. ಹಾಕುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ಕಾರ್ಡಿನಲ್ಲಿ ಪಟ್ಟೆ ನೋಡಿ, ಹಾಕಿದ ಮೇಲೆ ಮತ್ತೆ ಎಣಿಸಿ, 48 ಬಂದ ನಂತರವೇ ಚಕ್ರ ಬಿಗಿದದ್ದು. ಅಷ್ಟಾದ ಮೇಲೆ ಒಂದು ಹಟಕ್ಕೆ, ಮೊದಲ ದಿನ ಬಿಚ್ಚಿಟ್ಟ ಹಳೇ ಸೆನ್ಸರನ್ನೇ ವಾಪಸ್ ಹಾಕಿ 60ರಲ್ಲಿ ಓಡಿಸಿದರೆ ನಾಲ್ಕೂ ಗೆರೆ ಒಂದರ ಮೇಲೊಂದು. ಕಾರು ಅದೇ ಸೆನ್ಸರಿನಲ್ಲಿ ಹೋಯಿತು. ಹೊಸದು ಡಬ್ಬ ಒಡೆದ ಪಾರ್ಟು, ಸ್ಟೋರಿನವರು ವಾಪಸ್ ತಗೊಳ್ಳಲಿಲ್ಲ. ಟೂಲ್ ಟ್ರಾಲಿಯ ಕೆಳಗಿನ ಡ್ರಾಯರಿನಲ್ಲಿದೆ, ಬಿಲ್ ಯಾರ ತಲೆಗೆ ಅನ್ನುವ ಇಮೇಲ್ ಇನ್ನೂ ಓಡಾಡುತ್ತಿದೆ.