"ಹೋದ ವರ್ಷ ಏನೂ ಆಗಲಿಲ್ಲವಲ್ಲ": ಏಣಿ, ಕರೆಂಟ್ ತಂತಿ ಮತ್ತು ಕೊಲಂಬಿಯಾ

ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಬರೆಯಬೇಕು, ಕೆಲಸ ಹಂಚಬೇಕು, ಸಂಜೆ ತೂಕ ನೋಡಿ ಮಾಲೀಕರಿಗೆ ಲೆಕ್ಕ ಒಪ್ಪಿಸಬೇಕು. ಜನವರಿ ಕೊನೆ ಬಂತೆಂದರೆ ನನ್ನ ತಲೆಯಲ್ಲಿ ಎರಡು ವಿಷಯ ಒಟ್ಟಿಗೆ ಓಡುತ್ತವೆ. ಒಂದು, ಕರಿಮೆಣಸು ಕೊಯ್ಲು. ಇನ್ನೊಂದು, ಬಾಹ್ಯಾಕಾಶದ ಕೆಲಸದಲ್ಲಿ ಜೀವ ಕಳೆದುಕೊಂಡವರು. ಮೂರೂ ಅಮೆರಿಕದ ನೌಕೆಗಳು. ಅಪೊಲೊ 1ರ ಬೆಂಕಿ 1967ರ ಜನವರಿ 27ಕ್ಕೆ. ಚಾಲೆಂಜರ್ 1986ರ ಜನವರಿ 28ಕ್ಕೆ. ಕೊಲಂಬಿಯಾ 2003ರ ಫೆಬ್ರವರಿ 1ಕ್ಕೆ. ವರ್ಷ ಬೇರೆ ಬೇರೆ, ಆದರೆ ಮೂರೂ ಒಂದೇ ವಾರದಲ್ಲಿ ಬರುತ್ತವೆ. ಒಟ್ಟು 17 ಜನ.

ಏಣಿ ಹತ್ತಿ ಮೆಣಸು ಕೊಯ್ಯುವುದಕ್ಕೂ ರಾಕೆಟ್ ಹತ್ತುವುದಕ್ಕೂ ಏನು ಸಂಬಂಧ ಅಂತ ಕೇಳಬಹುದು. ನನ್ನ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಆ ಸಂಬಂಧ ನನಗೆ ಗೊತ್ತಾಯಿತು.

ನಮ್ಮಲ್ಲಿ ಮೆಣಸಿನ ಬಳ್ಳಿ ಸಿಲ್ವರ್ ಓಕ್, ಹಾಲುವಾಣ, ಹಲಸು, ಹೀಗೆ ನೆರಳಿನ ಮರಗಳಿಗೆ ಹಬ್ಬಿರುತ್ತದೆ. ಕೆಲವು ಕಡೆ 30 ಅಡಿ ಹತ್ತಬೇಕು. ಮೊದಲು ಬಿದಿರಿನ ಏಣಿ ಇತ್ತು, ಈಗ ಜಾಸ್ತಿ ಕಡೆ ಅಲ್ಯೂಮಿನಿಯಂ ಏಣಿ. ಹಗುರ ಇರುತ್ತದೆ, ಎತ್ತಿ ಮುಂದಿನ ಮರಕ್ಕೆ ಒರಗಿಸುವುದು ಸುಲಭ. ಆದರೆ ತೋಟದ ನಡುವೆಯೇ ಕರೆಂಟ್ ಲೈನ್ ಹಾದುಹೋಗಿರುತ್ತದೆ. ಏಣಿ ತಂತಿಗೆ ತಾಗಿ ಜನ ಸತ್ತ ಸುದ್ದಿ ಕೊಡಗಿನಲ್ಲಿ ಯಾರಿಗೂ ಹೊಸದಲ್ಲ.

ನಾನು ಮೊದಲು ಇದ್ದ ತೋಟದಲ್ಲಿ ಒಂದು ಬೆಳಿಗ್ಗೆ, ಹಾಜರಿ ಹೊತ್ತಿಗೆ, ಕೊಯ್ಲಿನಲ್ಲಿ ಪಳಗಿದ ಒಬ್ಬ ಅಣ್ಣ ಬಂದು, "ರೈಟ್ರೇ, ಕೆರೆ ಬದಿಯ ತಂತಿ ಜೋತುಬಿದ್ದ ಹಾಗಿದೆ, ಆ ಸಾಲು ಇವತ್ತು ಬೇಡ" ಅಂದರು. ನಾನು ಹೋಗಿ ನೋಡಲಿಲ್ಲ. ಲಾರಿ ಬರುವುದಿತ್ತು, ಬೇರೆ ತಲೆಬಿಸಿ ಇತ್ತು. "ಹೋದ ವರ್ಷವೂ ಹಾಗೇ ಇತ್ತು ಅಣ್ಣ, ಏನೂ ಆಗಲಿಲ್ಲವಲ್ಲ" ಅಂದೆ. ಅವರು ಇನ್ನೇನೂ ಹೇಳದೆ ಏಣಿ ಎತ್ತಿಕೊಂಡು ಹೋದರು. ಹನ್ನೊಂದು ಗಂಟೆ ಹೊತ್ತಿಗೆ ಏಣಿ ತಿರುಗಿಸುವಾಗ ಅದರ ತುದಿ ತಂತಿಗೆ ತಾಗಿತು. ಅವರನ್ನು ಎಸೆದುಬಿಟ್ಟಿತು. ಬದುಕಿದರು. ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯ ವರಾಂಡದಲ್ಲಿ ಅವರ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಹೇಳಿದ್ದರಂತೆ ಅಲ್ವಾ ರೈಟ್ರೇ?" ಹೌದು ಅಂದೆ. ಬೇರೆ ಏನು ಹೇಳಲಿ?

ಕೊಲಂಬಿಯಾದಲ್ಲಿ ಕಲ್ಪನಾ ಚಾವ್ಲಾ ತೀರಿಕೊಂಡಾಗ ನಾನು ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದೆ. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಭೌತಶಾಸ್ತ್ರದ ಪುಸ್ತಕದೊಳಗೆ ಇಟ್ಟಿದ್ದೆ. ಆಗ ಅದು ಕೆಟ್ಟ ಹಣೆಬರಹ ಅಂದುಕೊಂಡಿದ್ದೆ ಅಷ್ಟೆ. ಆ ತನಿಖೆಯಲ್ಲಿ ಏನೆಲ್ಲ ಗೊತ್ತಾಯಿತು ಅಂತ ಕೂತು ಓದಿದ್ದು ತೋಟದ ಅಪಘಾತ ಆದ ಮೇಲೆ. ಓದುತ್ತಾ ಹೋದಂತೆ ಮೈ ಜುಮ್ಮೆಂದಿತು, ಯಾಕೆಂದರೆ ನಾನು ಅಣ್ಣನಿಗೆ ಹೇಳಿದ ಮಾತನ್ನೇ ಅಲ್ಲಿ ಅಷ್ಟು ದೊಡ್ಡ ದೊಡ್ಡ ಜನರು ಹೇಳಿದ್ದರು.

ಕೊಲಂಬಿಯಾ ಮೇಲೆ ಹಾರಿದ್ದು 2003ರ ಜನವರಿ 16ಕ್ಕೆ. ಹಾರಿದ ಸುಮಾರು 82 ಸೆಕೆಂಡಿಗೆ ದೊಡ್ಡ ಇಂಧನ ಟ್ಯಾಂಕಿಗೆ ಮೆತ್ತಿದ್ದ ಫೋಮಿನ ತುಂಡೊಂದು ಕಳಚಿ ಎಡ ರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ತೂಕ ಮುಕ್ಕಾಲು ಕೆ.ಜಿ. ಆಸುಪಾಸು. ನೋಡಲು ಥರ್ಮಾಕೋಲಿನ ಹಾಗೆ ಹಗುರ. ಫೋಮ್ ಬೀಳುವುದು ಅದೇ ಮೊದಲಲ್ಲ, ಹಾರಾಟದ ಮೇಲೆ ಹಾರಾಟ ಬೀಳುತ್ತಲೇ ಇತ್ತು. ಎರಡೇ ಹಾರಾಟ ಹಿಂದೆ, 2002ರ ಅಕ್ಟೋಬರಿನಲ್ಲಿ, ಅದೇ ಜಾಗದಿಂದ ಕಳಚಿದ ತುಂಡು, ನೌಕೆಯನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ಟಿಗೆ ಬಡಿದಿತ್ತು. ಪ್ರತಿ ಸಲ ನೌಕೆ ವಾಪಸ್ ಬಂತು, ರಿಪೇರಿ ಆಯಿತು, ಮತ್ತೆ ಹಾರಿತು. ಹಾಗಾಗಿ ಅದು ಅಪಾಯ ಅನ್ನಿಸುವುದೇ ನಿಂತುಹೋಯಿತು. ಕೆಲವು ಇಂಜಿನಿಯರುಗಳಿಗೆ ಮಾತ್ರ ಸಮಾಧಾನ ಇರಲಿಲ್ಲ. ನೌಕೆ ಮೇಲಿರುವಾಗಲೇ ರೆಕ್ಕೆಯ ಫೋಟೋ ತೆಗೆಸಿಕೊಡಿ ಅಂತ ಮೂರು ಸಲ ಕೋರಿಕೆ ಹೋಯಿತು. ಫೋಟೋ ತೆಗೆಸಲಿಲ್ಲ. ವಾಪಸ್ ಬರುವಾಗ ರೆಕ್ಕೆಯ ತೂತಿನಿಂದ ಬಿಸಿ ಗಾಳಿ ಒಳಗೆ ನುಗ್ಗಿತು. ನೌಕೆ ಚೂರುಚೂರಾಯಿತು. ಇಳಿಯಲು ಇನ್ನು 16 ನಿಮಿಷ ಇತ್ತು. ಆಮೇಲೆ ತನಿಖೆಯವರು ಅಂಥದ್ದೇ ಫೋಮ್ ತುಂಡನ್ನು ಅದೇ ರೀತಿಯ ರೆಕ್ಕೆಯ ಫಲಕಕ್ಕೆ ಹೊಡೆದು ನೋಡಿದರೆ ಸುಮಾರು 40 ಸೆಂಟಿಮೀಟರ್ ತೂತು ಬಿತ್ತು.

ಚಾಲೆಂಜರ್ ಕಥೆ ನಮ್ಮ ತೋಟದವರಿಗೆ ಇನ್ನೂ ಬೇಗ ಅರ್ಥವಾಗುತ್ತದೆ. ಸ್ಪ್ರಿಂಕ್ಲರ್ ಪೈಪ್ ಜೋಡಿಸುವಲ್ಲಿ ರಬ್ಬರ್ ವಾಷರ್ ಇರುತ್ತದಲ್ಲ, ಅದು ಗಟ್ಟಿಯಾದರೆ ಜಾಯಿಂಟಿನಲ್ಲಿ ನೀರು ಚಿಮ್ಮುತ್ತದೆ. ಬೂಸ್ಟರ್ ರಾಕೆಟ್ಟಿನ ಜಾಯಿಂಟಿನಲ್ಲೂ ಅಂಥದ್ದೇ ರಬ್ಬರ್ ರಿಂಗ್. ಅಲ್ಲಿ ತಡೆಯಬೇಕಿದ್ದದ್ದು ನೀರಲ್ಲ, ಬೆಂಕಿಯಂಥ ಅನಿಲ. ಚಳಿಗೆ ರಬ್ಬರ್ ಬಿಗಿಯುತ್ತದೆ. ಹಿಂದಿನ ಹಾರಾಟಗಳಲ್ಲೇ ಆ ರಿಂಗ್ ಸುಟ್ಟ ಗುರುತು ಕಂಡಿತ್ತು. ಹಾರುವ ಹಿಂದಿನ ರಾತ್ರಿ, ಬೂಸ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಫೋನಿನಲ್ಲಿ ಬೇಡ ಅಂದರು. 12 ಡಿಗ್ರಿಗಿಂತ ಚಳಿಯಲ್ಲಿ ಹಾರಿಸಿದ ಅನುಭವ ನಮಗಿಲ್ಲ ಅಂದರು. ಆಗ ಮಾತು ತಿರುಗಿತು. ಸುರಕ್ಷಿತ ಅಂತ ತೋರಿಸಿ ಅನ್ನುವ ಬದಲು, ಅಪಾಯ ಅಂತ ನೀವೇ ಸಾಬೀತು ಮಾಡಿ ಅನ್ನುವ ಹಾಗಾಯಿತು. ಕೈಯಲ್ಲಿ ಅಷ್ಟು ಗಟ್ಟಿ ಸಾಕ್ಷಿ ಅವರಿಗಿರಲಿಲ್ಲ. ಕೊನೆಗೆ ಅವರ ಮ್ಯಾನೇಜರುಗಳೇ ಒಪ್ಪಿಗೆ ಕೊಟ್ಟರು. ಬೆಳಿಗ್ಗೆ ಹಾರುವಾಗ ಸುಮಾರು 2 ಡಿಗ್ರಿ ಇತ್ತು. 73 ಸೆಕೆಂಡಿಗೆ ಎಲ್ಲ ಮುಗಿಯಿತು. ಏಳು ಜನರಲ್ಲಿ ಒಬ್ಬರು, ಕ್ರಿಸ್ಟಾ ಮೆಕಾಲಿಫ್, ಶಾಲೆಯ ಟೀಚರ್.

ಇದನ್ನು ಓದಿದಾಗ ನನಗೆ ನನ್ನ ತಪ್ಪು ಎಲ್ಲಿ ಅಂತ ಸರಿಯಾಗಿ ಕಂಡಿತು. ಅಣ್ಣ ಬಂದು ತಂತಿ ಜೋತುಬಿದ್ದಿದೆ ಅಂದಾಗ, ಆ ಸಾಲು ಸರಿಯಾಗಿದೆ ಅಂತ ತೋರಿಸುವ ಜವಾಬ್ದಾರಿ ನನ್ನದಾಗಿತ್ತು. ನಾನು ಅದನ್ನು ಅವರ ತಲೆ ಮೇಲೆ ಹಾಕಿದೆ. ದಿನಗೂಲಿಗೆ ಬಂದವರು ರೈಟರ್ ಜೊತೆ ಎಷ್ಟು ಅಂತ ವಾದ ಮಾಡುತ್ತಾರೆ?

ಇನ್ನೊಂದು ಘಟನೆ ಇದೆ. ಇದರಲ್ಲಿ ಯಾರೂ ಸಾಯಲಿಲ್ಲ, ಅದಕ್ಕೇ ಜಾಸ್ತಿ ಜನರಿಗೆ ಗೊತ್ತಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದೇ. 2013ರ ಜುಲೈನಲ್ಲಿ ಇಟಲಿಯ ಲೂಕಾ ಪಾರ್ಮಿಟಾನೊ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸಕ್ಕೆ ಹೋಗಿ ಬಂದಾಗ ಹೆಲ್ಮೆಟ್ಟಿನೊಳಗೆ ನೀರು ಕಂಡಿತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂತ ಅಂದಾಜು ಮಾಡಿ ಅಲ್ಲಿಗೇ ಬಿಟ್ಟರು. ಒಂದು ವಾರದ ಮೇಲೆ, ಜುಲೈ 16ಕ್ಕೆ, ಅವರು ಅದೇ ಉಡುಪಿನಲ್ಲಿ ಮತ್ತೆ ಹೊರಗೆ ಹೋದರು. ಈ ಸಲ ಒಂದು ಲೀಟರಿಗಿಂತ ಜಾಸ್ತಿ ನೀರು ತುಂಬಿತು. ಅಲ್ಲಿ ನೀರು ಕೆಳಗೆ ಹರಿಯುವುದಿಲ್ಲ, ಮುಖಕ್ಕೇ ಅಂಟಿಕೊಳ್ಳುತ್ತದೆ. ಕಣ್ಣು ಕಾಣಲಿಲ್ಲ, ಕಿವಿ ಸರಿಯಾಗಿ ಕೇಳಲಿಲ್ಲ, ಮೂಗಿಗೂ ನೀರು ಬಂತು. ಕಟ್ಟಿಕೊಂಡಿದ್ದ ಹಗ್ಗದ ಎಳೆತದ ಮೇಲೆ ದಾರಿ ಗುರುತಿಸಿಕೊಂಡು ಒಳಗೆ ಬಂದರು. ನೀರು ಬಂದದ್ದು ಉಡುಪನ್ನು ತಂಪಾಗಿಡುವ ವ್ಯವಸ್ಥೆಯಿಂದ. ಆಮೇಲೆ ಏನು ಮಾಡಿದರು ಗೊತ್ತಾ? ತಲೆಯ ಹಿಂದೆ ನೀರು ಹೀರುವ ಪ್ಯಾಡ್, ಬಾಯಿಯ ಹತ್ತಿರ ಉಸಿರಾಡಲು ಒಂದು ಕೊಳವೆ. ಎಷ್ಟು ಸಣ್ಣ ವಸ್ತು ನೋಡಿ. ಮೊದಲ ದಿನ ನೀರು ಕಂಡಾಗ ಎಲ್ಲಿಂದ ಬಂತು ಅಂತ ಕೊನೆ ತನಕ ಹುಡುಕಿದ್ದರೆ ಎರಡನೇ ದಿನವೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಮನುಷ್ಯರು ಮೇಲೆ ಹೋಗುವುದೇ ಬೇಡ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಮೆಣಸು ಕೊಯ್ಯುವುದೇ ಬೇಡ ಅನ್ನಲು ಆಗುತ್ತದೆಯೇ? 1961ರಲ್ಲಿ ಗಗಾರಿನ್ ಮೇಲಿದ್ದದ್ದು 108 ನಿಮಿಷ. 1969ರಿಂದ 1972ರೊಳಗೆ 12 ಜನ ಚಂದ್ರನ ಮೇಲೆ ನಡೆದರು. 2000ದ ನವೆಂಬರ್ 2ರಿಂದ ಬಾಹ್ಯಾಕಾಶ ನಿಲ್ದಾಣ ಒಂದು ದಿನವೂ ಖಾಲಿ ಇಲ್ಲ. ಅದು ನಮ್ಮ ತೋಟದ ಮೇಲೂ ಹಾದುಹೋಗುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ನಿಂತು ಮಗಳ ಜೊತೆ ಎಷ್ಟೋ ಸಂಜೆ ನೋಡಿದ್ದೇನೆ, ಮಿನುಗದೆ ಸುಮ್ನೆ ಸಾಗುವ ಒಂದು ಚುಕ್ಕೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಮಳೆಗಾಲ, ಮೋಡ ಬಿಡಲೇ ಇಲ್ಲ, ಆದರೂ ಅವಳು ಛತ್ರಿ ಹಿಡಿದುಕೊಂಡು ಹೊರಗೆ ನಿಲ್ಲುತ್ತಿದ್ದಳು.

ಈ ಸಾಧನೆಗಳು ಅಪಘಾತಗಳಿಂದ ಬೇರೆಯಾಗಿ ಬಂದವಲ್ಲ. ಅಪೊಲೊ 1ರಲ್ಲಿ ಬಾಗಿಲು ಒಳಗೆ ತೆರೆಯುತ್ತಿತ್ತು, ಬೆಂಕಿ ಬಿದ್ದಾಗ ಒಳಗಿನ ಒತ್ತಡಕ್ಕೆ ತೆರೆಯಲಾಗಲಿಲ್ಲ. ಆಮೇಲೆ ಬೇಗ ಹೊರಕ್ಕೆ ತೆರೆಯುವ ಬಾಗಿಲು ಬಂತು. 1971ರಲ್ಲಿ ಸೋವಿಯತ್ ನೌಕೆ ಸೋಯುಜ್ 11ರ ಗಾಳಿ ಸೋರಿ ಮೂವರು ಸತ್ತರು, ಅವರ ಮೈಮೇಲೆ ಒತ್ತಡದ ಉಡುಪು ಇರಲಿಲ್ಲ. ಆಮೇಲೆ ಏರುವಾಗ, ಇಳಿಯುವಾಗ ಉಡುಪು ಕಡ್ಡಾಯವಾಯಿತು. 2018ರ ಅಕ್ಟೋಬರಿನಲ್ಲಿ ಸೋಯುಜ್ ರಾಕೆಟ್ ಹಾರಿದ ಎರಡು ನಿಮಿಷದಲ್ಲಿ ಕೆಟ್ಟಿತು. ಒಳಗಿದ್ದ ಇಬ್ಬರನ್ನೂ ಪಾರಾಗಿಸುವ ವ್ಯವಸ್ಥೆ ಎಳೆದು ದೂರ ಒಯ್ದಿತು. ಅದೇ ಇಬ್ಬರು ಐದು ತಿಂಗಳ ಮೇಲೆ ಮತ್ತೆ ಹಾರಿ ನಿಲ್ದಾಣ ತಲುಪಿದರು. ನಮ್ಮ ಗಗನಯಾನಕ್ಕೂ ಇಂಥ ವ್ಯವಸ್ಥೆ ಇದೆ. ಅದರ ಪರೀಕ್ಷೆ ನಡೆದದ್ದು 2023ರ ಅಕ್ಟೋಬರ್ 21ಕ್ಕೆ ಶ್ರೀಹರಿಕೋಟಾದಲ್ಲಿ. ಕೌಂಟ್‌ಡೌನ್ 5 ಸೆಕೆಂಡಿಗೆ ಬಂದಾಗ ಕಂಪ್ಯೂಟರ್ ತಾನೇ ನಿಲ್ಲಿಸಿತು. ಇಡೀ ದೇಶ ಟಿವಿ ಮುಂದೆ ಕೂತಿತ್ತು. ಏನಾಯಿತು ಅಂತ ನೋಡಿ, ಸರಿ ಮಾಡಿ, ಹತ್ತು ಗಂಟೆಗೆ ಹಾರಿಸಿದರು. ಆ ದಿನ ಹಾರಿದ್ದಕ್ಕಿಂತ ನಿಂತದ್ದು ನೋಡಿ ನನಗೆ ಖುಷಿಯಾಯಿತು.

ಈಗ ನಮ್ಮ ತೋಟದಲ್ಲಿ ನಡೆಸುವ ಪದ್ಧತಿ ಹೇಳುತ್ತೇನೆ. ಕೊಯ್ಲಿಗೆ ಮೊದಲು ಮೇಸ್ತ್ರಿ ಮತ್ತು ನಾನು ಲೈನ್ ಕೆಳಗೆ ನಡೆದು ನೋಡುತ್ತೇವೆ. ತಂತಿಯ ಹತ್ತಿರದ ಮರಗಳಿಗೆ ಕೆಂಪು ಬಣ್ಣ ಬಳಿದಿದ್ದೇವೆ. ಆ ಮರಗಳ ಕೊಯ್ಲು ಲೈನ್ ಆಫ್ ಮಾಡಿಸಿದ ದಿನ ಮಾತ್ರ, ಲೈನ್‌ಮ್ಯಾನ್ ಬಂದು ಹೇಳಿದ ಮೇಲೆ. ಏಣಿ ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಮಲಗಿಸಿಯೇ ಒಯ್ಯಬೇಕು. ಮತ್ತೆ ಯಾರೇ ಆಗಲಿ, ನಿನ್ನೆ ಬಂದ ಹುಡುಗನೇ ಆಗಲಿ, ಬೇಡ ಅಂದರೆ ಆ ಸಾಲು ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಕೊಯ್ಲು ಕೆ.ಜಿ. ಲೆಕ್ಕ, ಕೆಲಸ ನಿಂತರೆ ಅವರ ಹೊಟ್ಟೆಗೇ ಪೆಟ್ಟು. ಹಾಗಾದರೆ ಯಾರು ಬಾಯಿ ಬಿಡುತ್ತಾರೆ? ಅದಕ್ಕೆ ಹಿಂದಿನ ದಿನಗಳ ಸರಾಸರಿ ಹಿಡಿದು ಆ ಹೊತ್ತಿನ ಕೂಲಿ ಕೊಡುತ್ತೇವೆ. ಇದಕ್ಕೆ ಮಾಲೀಕರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

"ಮೂರು ಸಲ ನಿಲ್ಲಿಸಿದಿರಿ, ಮೂರು ಸಲವೂ ಲೈನ್ ಸರಿಯಾಗೇ ಇತ್ತಲ್ಲ" ಅಂತ ಅವರು ಕೇಳಿದ್ದು ನ್ಯಾಯವೇ. ಅವತ್ತು ನಾನು ಅವರಿಗೆ ಸ್ಟಾರ್‌ಲೈನರ್ ಕಥೆ ಹೇಳಿದೆ. 2024ರ ಜೂನಿನಲ್ಲಿ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಅದರಲ್ಲಿ ನಿಲ್ದಾಣಕ್ಕೆ ಹೋದರು, ಸುಮಾರು ಎಂಟು ದಿನದ ಲೆಕ್ಕದಲ್ಲಿ. ದಾರಿಯಲ್ಲಿ ಹೀಲಿಯಂ ಸೋರಿತು, ನೌಕೆಯ ದಿಕ್ಕು ತಿರುಗಿಸುವ ಸಣ್ಣ ಇಂಜಿನ್‌ಗಳು, ಅಂದರೆ ಥ್ರಸ್ಟರ್, ಕೆಲವು ಕೈಕೊಟ್ಟವು. ಎಷ್ಟು ಪರೀಕ್ಷೆ ಮಾಡಿದರೂ ಪೂರ್ತಿ ಧೈರ್ಯ ಬರಲಿಲ್ಲ. ಆಗಸ್ಟಿನಲ್ಲಿ ನೌಕೆಯನ್ನು ಖಾಲಿ ತರುತ್ತೇವೆ ಅಂತ ತೀರ್ಮಾನಿಸಿದರು. ಅದನ್ನು ಹೇಳುವಾಗ ನಾಸಾ ಮುಖ್ಯಸ್ಥರು ಚಾಲೆಂಜರ್, ಕೊಲಂಬಿಯಾ ಎರಡನ್ನೂ ನೆನೆದರು. ಸೆಪ್ಟೆಂಬರಿನಲ್ಲಿ ಖಾಲಿ ನೌಕೆ ಚೆನ್ನಾಗಿಯೇ ಇಳಿಯಿತು. ಅವರಿಬ್ಬರು ಬಂದದ್ದು 2025ರ ಮಾರ್ಚಿನಲ್ಲಿ, ಬೇರೆ ನೌಕೆಯಲ್ಲಿ, 286 ದಿನದ ಮೇಲೆ. "ಹಾಗಾದರೆ ಅವರು ತಪ್ಪು ಮಾಡಿದರಾ ಸಾರ್?" ಅಂತ ಕೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಯೋಚಿಸಿ, "ಕೂಲಿ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆಯಿರಿ" ಅಂದರು.

ಈ ಸೋಮವಾರ ಏಣಿಯ ಬುಡ ಹಿಡಿಯುವ ಒಬ್ಬ ಅಕ್ಕ ಕೆಲಸ ನಿಲ್ಲಿಸಿದರು. ತಂತಿಯ ಹತ್ತಿರ ಏನೋ ಚಿಟಚಿಟ ಸದ್ದು ಕೇಳಿತಂತೆ. ಬೇರೆ ಯಾರಿಗೂ ಕೇಳಿರಲಿಲ್ಲ. ಎಲ್ಲರೂ ಇಳಿದರು, ಏಣಿ ಮಲಗಿಸಿದರು, ಲೈನ್‌ಮ್ಯಾನ್ ಬರುವ ತನಕ ಎರಡು ಗಂಟೆ ನೆಲದಲ್ಲಿ ಬಿದ್ದ ಮೆಣಸು ಹೆಕ್ಕಿದರು. ಅವರು ಬಂದು ನೋಡಿ, ಏನೂ ಇಲ್ಲ ಅಂದರು. ಅಕ್ಕನ ಮುಖ ಸಣ್ಣದಾಯಿತು. ನಾನು ಎಲ್ಲರ ಎದುರೇ ಪುಸ್ತಕ ತೆಗೆದು ಎರಡು ಗಂಟೆಯ ಕೂಲಿ ಬರೆದೆ, ಮೊದಲು ಅವರ ಹೆಸರಿನ ಮುಂದೆ.