ನಾಲ್ಕು ಮತ, ಎರಡು ಮತ, ನಮ್ಮದೊಂದು ಅರ್ಜಿ

2024ರ ಡಿಸೆಂಬರ್ ಕೊನೆಯ ವಾರ ಕಲಬುರಗಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಾತು ಯಾರ ಬಾಯಲ್ಲೂ ಇರಲಿಲ್ಲ. ರಾಜ್ಯಸಭೆಯಲ್ಲಿ ಗೃಹ ಸಚಿವರು ಅಂಬೇಡ್ಕರ್ ಹೆಸರೆತ್ತಿ ಆಡಿದ ಮಾತಿಗೆ ಜನ ಕುದಿಯುತ್ತಿದ್ದರು. ಪತ್ರಿಕೆ ತುಂಬ ಬೆಳಗಾವಿಯ ದೀಪಾಲಂಕಾರ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ. ಹಳ್ಳಿಗಳ ಕಡೆ ಹೋದರೆ ತೊಗರಿ ಬಿಟ್ಟು ಬೇರೆ ಮಾತಿಲ್ಲ. ಹೀಗಿರುವಾಗ 23ರ ಸೋಮವಾರ ನಿವೃತ್ತ ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಆಯೋಗದ ಅಧ್ಯಕ್ಷರಾಗಿ ನೇಮಕಗೊಂಡರು ಎಂಬ ಪ್ರಕಟಣೆ ಬಂತು. ಮರುದಿನ ಒಳಪುಟದಲ್ಲಿ ಇನ್ನೊಂದು ಸುದ್ದಿ: ಆಯ್ಕೆ ಸಮಿತಿಯ ಇಬ್ಬರು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದಿದ್ದಾರೆ. ಒಬ್ಬರು ರಾಹುಲ್ ಗಾಂಧಿ, ಇನ್ನೊಬ್ಬರು ನಮ್ಮೂರಿನ ಖರ್ಗೆ ಸಾಹೇಬರು.

ನಾನು ಆ ಸುದ್ದಿಯನ್ನು ಎರಡು ಸಲ ಓದಲು ಕಾರಣ ನನ್ನ ಟೇಬಲ್ ಮೇಲಿದ್ದ ಒಂದು ಫೈಲು. ಜೇವರ್ಗಿ ಕಡೆಯ ಒಂದು ಹಳ್ಳಿಯ ಹುಡುಗನನ್ನು ಹೊಲದ ಮೋಟರ್ ಕಳವಾದ ಅನುಮಾನದ ಮೇಲೆ ಒಂದು ಠಾಣೆಗೆ ಕರೆದೊಯ್ದು, ಎರಡು ರಾತ್ರಿ ಕೂರಿಸಿ, ಹೊಡೆದು, ಯಾವ ಕಾಗದವೂ ಇಲ್ಲದೆ ಬಿಟ್ಟಿದ್ದರು. ಬಂಧನದ ಮೆಮೊ ಇಲ್ಲ, ಮನೆಯವರಿಗೆ ತಿಳಿಸಿಲ್ಲ, ವೈದ್ಯರ ಬಳಿ ತೋರಿಸಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕಡ್ಡಾಯ ಮಾಡಿದ್ದ ಒಂದನ್ನೂ ಪಾಲಿಸಿಲ್ಲ. ಹುಡುಗ ಹೆದರಿ ಪುಣೆಗೆ ಕೂಲಿಗೆ ಹೋಗಿಬಿಟ್ಟ. ತಾಯಿ ಮಾತ್ರ ಬಿಡಲಿಲ್ಲ. ಘಟನೆ ನಡೆದದ್ದು 2024ರ ಜನವರಿಯಲ್ಲಿ. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ ವರ್ಷ ಕಳೆದ ಮೇಲೆ ಆಯೋಗ ಅಂಥ ವಿಷಯವನ್ನು ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ನಮಗೆ ಉಳಿದದ್ದು ಕೆಲವೇ ದಿನ.

ಗುರುವಾರ, 26ರಂದು, ಆ ಹುಡುಗನ ತಾಯಿ, ಅಂದರೆ ನಮ್ಮ ಆಯಿ, ಬಂದರು. ರಾಶಿ ಬಿಟ್ಟು ಬಂದಿದ್ದರಿಂದ ಅವಸರದಲ್ಲಿದ್ದರು. ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಮೇಡಂರೀ, ಹೆಬ್ಬೆಟ್ಟು ಎಲ್ಲಿ ಒತ್ಲಿ ಹೇಳ್ರಿ. ಎರಡು ಗಂಟಿ ಬಸ್ಸಿಗಿ ಹೋಗ್ಬೇಕು."

ನನ್ನ ಜೂನಿಯರ್ ಹುಡುಗ ಆಗಲೇ ಪೇಪರ್ ಹಿಡಿದು ಕಾದಿದ್ದ. ಅವನಿಗೆ ಬಿಸಿ ರಕ್ತ. "ಮೇಡಂ, ಇಂಥಾ ಆಯೋಗಕ್ಕ ನಾವು ಯಾಕ ಅರ್ಜಿ ಕೊಡ್ಬೇಕ್ರಿ? ಅಲ್ಲಿ ಕೂಡೋರ ಆಯ್ಕೆನೇ ಸರಿ ಇಲ್ಲಂತ ಸಮಿತಿಯವ್ರೇ ಬರ್ದಾರ. ಸೀದಾ ಹೈಕೋರ್ಟಿಗಿ ರಿಟ್ ಹಾಕೋಣ" ಎಂದ. ಹೈಕೋರ್ಟಿನ ಪೀಠ ನಮ್ಮೂರಲ್ಲೇ ಇದೆ, ನಿಜ. ಆದರೆ ರಿಟ್‌ಗೆ ಮಗ ಬೇಕು, ಅವನ ಅಫಿಡವಿಟ್ ಬೇಕು, ಅವನು ಪುಣೆಯಿಂದ ಬರಲು ತಯಾರಿಲ್ಲ. ಆಯೋಗಕ್ಕಾದರೆ ಬಿಳಿ ಹಾಳೆ ಸಾಕು, ಶುಲ್ಕವಿಲ್ಲ, ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲೂ ಬರೆಯಬಹುದು, ನೊಂದವನ ಪರವಾಗಿ ಬೇರೆಯವರೂ ಕೊಡಬಹುದು. ಬಡವರ ಪಾಲಿಗೆ ಇಷ್ಟು ಅಗಲವಾಗಿ ತೆರೆದ ಬಾಗಿಲು ನಮ್ಮ ನ್ಯಾಯವ್ಯವಸ್ಥೆಯಲ್ಲಿ ಹೆಚ್ಚಿಲ್ಲ. ಅದಕ್ಕೇ ಒಳಗೆ ಯಾರು ಕೂತಿದ್ದಾರೆ, ಹೇಗೆ ಬಂದು ಕೂತರು ಅನ್ನುವುದು ದಿಲ್ಲಿಯವರ ತಲೆನೋವು ಮಾತ್ರ ಅಲ್ಲ.

ರಾಜ್ಯ ಆಯೋಗಕ್ಕೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಬಹುದಿತ್ತು. ಆದರೆ ಒಂದು ಕಡೆ ವಿಷಯ ಬಾಕಿ ಇದ್ದರೆ ಇನ್ನೊಂದು ಕಡೆ ತೆಗೆದುಕೊಳ್ಳುವುದಿಲ್ಲ. ಆಯಿಗೆ ದೂರದ್ದೇ ಬೇಕಿತ್ತು. "ಇಲ್ಲಿನವ್ರು ಇಲ್ಲಿನವ್ರನ್ನೇ ಕೇಳ್ತಾರ" ಎಂಬುದು ಅವರ ತರ್ಕ. ದಿಲ್ಲಿಯ ಆಯೋಗವೂ ಸಾಮಾನ್ಯವಾಗಿ ಮೊದಲು ಇಲ್ಲಿಯ ಅಧಿಕಾರಿಗಳಿಂದಲೇ ವರದಿ ತರಿಸಿಕೊಳ್ಳುತ್ತದೆ, ಅದರ ತನಿಖಾ ವಿಭಾಗದಲ್ಲೂ ಇರುವವರು ಎರವಲು ಸೇವೆಯ ಮೇಲೆ ಬಂದ ಪೊಲೀಸರೇ ಎಂದು ನಾನು ಹೇಳಿದಾಗ ಆಯಿ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಜೂನಿಯರ್ ಕಡೆ ತಿರುಗಿ, "ಅದೇನಪ್ಪ, ಯಾರೋ ಹೊಸ ಸಾಹೇಬ್ರು ಬಂದಾರಂದಿ. ಯಾಕ ಬ್ಯಾಡಂತಾರ ಅವ್ರಿಗಿ?" ಎಂದರು.

ಹುಡುಗ ಓದಿ ಹೇಳಿದ. ಸಮಿತಿಯಲ್ಲಿ ಆರು ಜನ: ಪ್ರಧಾನಿ, ಲೋಕಸಭೆಯ ಸ್ಪೀಕರ್, ಗೃಹ ಸಚಿವ, ರಾಜ್ಯಸಭೆಯ ಉಪಸಭಾಪತಿ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು. ಸಭೆ ಸೇರಿದ್ದು ಡಿಸೆಂಬರ್ 18ಕ್ಕೆ. (ಗೃಹ ಸಚಿವರನ್ನು ಮಧ್ಯರಾತ್ರಿಯೊಳಗೆ ವಜಾ ಮಾಡಿ ಎಂದು ಖರ್ಗೆಯವರು ಒತ್ತಾಯಿಸಿದ್ದೂ ಅದೇ ದಿನ. ಆ ಸಭೆಯಲ್ಲಿ ಕಾವು ಹೇಗಿತ್ತೋ.) ಅಧ್ಯಕ್ಷ ಸ್ಥಾನಕ್ಕೆ ಇವರಿಬ್ಬರು ಸೂಚಿಸಿದ್ದು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಮತ್ತು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಹೆಸರು, ಸದಸ್ಯರಾಗಿ ಎಸ್. ಮುರಳೀಧರ್ ಮತ್ತು ಅಕೀಲ್ ಖುರೇಷಿ. ಆಯ್ಕೆ ಮೊದಲೇ ತೀರ್ಮಾನವಾಗಿತ್ತು, ಚರ್ಚೆ ಆಗಲಿಲ್ಲ, ಪ್ರದೇಶ, ಜಾತಿ, ಧರ್ಮಗಳ ಸಮತೋಲನ ನೋಡಲಿಲ್ಲ ಎಂಬುದು ಟಿಪ್ಪಣಿಯ ಸಾರ.

ಆಯಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಅವ್ರು ಬರ್ದಿದ್ದಕ್ಕ ಇವ್ರು ಏನಂದ್ರು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಗ ನಮ್ಮ ಸೀನಿಯರ್ ಒಳಗೆ ಬಂದರು. ಪಕ್ಕದ ಓಣಿಯವರು, ಪ್ರಾಕ್ಟೀಸ್ ಬಿಟ್ಟು ಬಹಳ ವರ್ಷವಾಯಿತು, ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಹುಡುಗನ ವಾದಕ್ಕೆ ಅವರು ನಕ್ಕರು. "ತಮ್ಮಾ, ಇದೇನು ಹೊಸಾದಲ್ಲ. 2004ರಾಗ ಸಿಬಿಐ ಡೈರೆಕ್ಟರ್ ಆಗಿದ್ದವ್ರನ್ನ ಆಯೋಗದ ಮೆಂಬರ್ ಮಾಡಿದ್ರು. ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆಯವ್ರು ಸುಪ್ರೀಂ ಕೋರ್ಟಿಗಿ ಹೋದ್ರು. ಇಬ್ಬರು ಜಡ್ಜಿಗೋಳಿಗಿ ಒಮ್ಮತ ಆಗ್ಲಿಲ್ಲ. ಮೂರು ಜನರ ಪೀಠ ನೇಮಕ ಖಾಯಂ ಮಾಡ್ತು. ಮುಗೀತು."

ಅವರು ಹೇಳಿದ್ದು ಪಿ.ಸಿ. ಶರ್ಮಾ ಪ್ರಕರಣ, ಖಾಯಂ ಆದದ್ದು 2005ರಲ್ಲಿ. ನೇಮಕ ಮಾಡಿದ್ದು ವಾಜಪೇಯಿ ಸರ್ಕಾರ. ಯುಪಿಎ ಸರ್ಕಾರವೂ ಸಾಚಾ ಏನಲ್ಲ. 2010ರಲ್ಲಿ ಪಿ.ಜೆ. ಥಾಮಸ್ ಅವರನ್ನು ಕೇಂದ್ರ ಜಾಗೃತ ಆಯುಕ್ತರನ್ನಾಗಿ ಮಾಡುವಾಗ ಸಮಿತಿಯಲ್ಲಿದ್ದ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಒಪ್ಪಲಿಲ್ಲ. ಪ್ರಧಾನಿ, ಗೃಹ ಸಚಿವರು ಎರಡು ಮತದಿಂದ ಮುಂದೆ ಹೋದರು. ಇದನ್ನು ಹೇಳುವುದು ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಖರ್ಗೆಯವರ ಹೆಸರು ಬಂದ ಕೂಡಲೇ ಮಾತು ಪಕ್ಷದ ಹಳಿಗೆ ಬಿದ್ದುಬಿಡುತ್ತದೆ. ನಮ್ಮ ವಕೀಲರ ಸಂಘದಲ್ಲೂ ಹಾಗೇ. ಅರ್ಧ ಜನ ಅವರು ಬರೆದದ್ದೆಲ್ಲ ವೇದವಾಕ್ಯ ಅನ್ನುತ್ತಾರೆ, ಇನ್ನರ್ಧ ಟಿಪ್ಪಣಿ ಓದದೆಯೇ ತಳ್ಳಿಹಾಕುತ್ತಾರೆ.

ಹೊಸ ಅಧ್ಯಕ್ಷರ ಬಗ್ಗೆ ನನಗೆ ವೈಯಕ್ತಿಕವಾಗಿ ತಕರಾರಿಲ್ಲ. ಕೌಶಲ್ ಕಿಶೋರ್ ಪ್ರಕರಣದಲ್ಲಿ, 2023ರ ಜನವರಿಯಲ್ಲಿ, ಬಹುಮತದ ತೀರ್ಪು ಬರೆದವರು ಅವರು. ಸಂವಿಧಾನದ 19 ಮತ್ತು 21ನೇ ವಿಧಿಯ (ವಾಕ್‌ಸ್ವಾತಂತ್ರ್ಯ, ಬದುಕಿನ ಹಕ್ಕು ಮುಂತಾದ) ಹಕ್ಕುಗಳನ್ನು ಸರ್ಕಾರವಲ್ಲದವರ ಮೇಲೂ ಚಲಾಯಿಸಬಹುದು ಎಂದ ತೀರ್ಪು ಅದು. ಹಳ್ಳಿಯಲ್ಲಿ ಬಹಿಷ್ಕಾರ ಹಾಕಿಸಿಕೊಂಡವರ ಕೇಸು ನಡೆಸುವ ನನ್ನಂಥವರಿಗೆ ಅದರ ಬೆಲೆ ಗೊತ್ತು. 2021ರ ಕಥೆ ಬೇರೆ. ಆಗ ಅಧ್ಯಕ್ಷರಾದ ಅರುಣ್ ಮಿಶ್ರಾ ಅವರು ಹಾಲಿ ನ್ಯಾಯಮೂರ್ತಿಯಾಗಿದ್ದಾಗಲೇ, 2020ರಲ್ಲಿ, ವೇದಿಕೆಯ ಮೇಲೆ ಪ್ರಧಾನಿಯನ್ನು ಹಾಡಿ ಹೊಗಳಿದ್ದರು; ಹತ್ತು ಲಕ್ಷಕ್ಕೂ ಹೆಚ್ಚು ಅರಣ್ಯವಾಸಿ ಕುಟುಂಬಗಳ ಎದೆ ನಡುಗಿಸಿದ 2019ರ ಫೆಬ್ರವರಿಯ ಒಕ್ಕಲೆಬ್ಬಿಸುವ ಆದೇಶವೂ ಅವರ ನೇತೃತ್ವದ ಪೀಠದ್ದೇ, ಅದೇ ತಿಂಗಳಲ್ಲಿ ಅದಕ್ಕೆ ತಡೆ ಬಿತ್ತು. ಆಗ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರೇ ಇರಲಿಲ್ಲವಾದ್ದರಿಂದ ಸಮಿತಿಯಲ್ಲಿ ಖರ್ಗೆಯವರು ಒಬ್ಬರೇ. ದೌರ್ಜನ್ಯದ ದೂರುಗಳು ಹೆಚ್ಚು ಬರುವುದು ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರಿಂದ, ಆ ಸಮುದಾಯಗಳಿಂದ ಒಬ್ಬರಾದರೂ ಇರಲಿ ಎಂದು ಕೇಳಿದರು. ಸಮಿತಿ ಒಪ್ಪಲಿಲ್ಲ. ಭಿನ್ನಮತ ಬರೆದು ಕೊಟ್ಟರು.

ಅಷ್ಟಕ್ಕೂ ನಮ್ಮವರೊಬ್ಬರು ಕುರ್ಚಿಯಲ್ಲಿ ಕೂತರೆ ಎಲ್ಲ ಸರಿಹೋಗುತ್ತದೆ ಎಂದು ನಾನೇನೂ ನಂಬಿಲ್ಲ. ದಲಿತ ಸಮುದಾಯದಿಂದ ಬಂದ ಕೆ.ಜಿ. ಬಾಲಕೃಷ್ಣನ್ 2010ರಿಂದ 2015ರವರೆಗೆ ಅಧ್ಯಕ್ಷರಾಗಿದ್ದರು, ಅವರ ಆಯ್ಕೆಯೂ ವಿವಾದದಿಂದ ಹೊರಗಿರಲಿಲ್ಲ. ನಮ್ಮ ಕರ್ನಾಟಕದ ಎಂ.ಎನ್. ವೆಂಕಟಾಚಲಯ್ಯನವರು ಇದ್ದರು, ಚಿಕ್ಕಮಗಳೂರು ಕಡೆಯ ಎಚ್.ಎಲ್. ದತ್ತು ಇದ್ದರು. ಯಾರಿದ್ದರೂ ಆಯೋಗಕ್ಕೆ ಕೊನೆಗೆ ಇರುವುದು ಶಿಫಾರಸು ಮಾಡುವ ಅಧಿಕಾರ. ಆದೇಶಕ್ಕೆ ಹಲ್ಲಿಲ್ಲದಿದ್ದಾಗ ಆ ಮಾತಿಗೆ ತೂಕ ಬರುವುದು ಆಡುವವರ ಮೇಲೆ ಜನಕ್ಕಿರುವ ವಿಶ್ವಾಸದಿಂದ ಮಾತ್ರ. ಆ ವಿಶ್ವಾಸ ಹುಟ್ಟುವ ಅಥವಾ ಸಾಯುವ ಜಾಗ ಆ ಆಯ್ಕೆ ಸಭೆ.

ಆಯಿಯ ಪ್ರಶ್ನೆ ನನ್ನನ್ನು ಕುಟುಕಿದ್ದು ಅದಕ್ಕೇ. ನಾವು ಕೋರ್ಟಿನಲ್ಲಿ ಒಂದು ಸಣ್ಣ ತಕರಾರು ಎತ್ತಿದರೂ ಜಡ್ಜ್ ಅದನ್ನು ತಳ್ಳಿಹಾಕುವಾಗ ಕಾರಣ ಬರೆಯಬೇಕು. ಬರೆಯದಿದ್ದರೆ ಅಪೀಲಿನಲ್ಲಿ ಆದೇಶ ನಿಲ್ಲುವುದಿಲ್ಲ. ಮುನ್ಸಿಫ್ ಕೋರ್ಟಿಗೆ ಇರುವ ಈ ನಿಯಮ ಪ್ರಧಾನಿ ಅಧ್ಯಕ್ಷತೆಯ ಸಮಿತಿಗೆ ಇಲ್ಲವೇ?

ಇದೆ ಎಂದೇ ಸುಪ್ರೀಂ ಕೋರ್ಟ್ ಹೇಳಿದಂತಿದೆ. "ಸರ್, ಥಾಮಸ್ ಕೇಸಿನ ತೀರ್ಪಿನ ಕೊನೆ ಭಾಗ ನೆನಪಿದೆಯಾ?" ಎಂದು ಸೀನಿಯರ್‌ಗೆ ಕೇಳಿದೆ. 2011ರ ಮಾರ್ಚ್ 3ರಂದು ಮುಖ್ಯ ನ್ಯಾಯಮೂರ್ತಿ ಕಪಾಡಿಯಾ ಅವರ ಪೀಠ ಆ ನೇಮಕವನ್ನು ರದ್ದು ಮಾಡಿತು. ಎಲ್ಲರಿಗೂ ನೆನಪಿರುವುದು ಅಷ್ಟೇ. ಆದರೆ ಅದೇ ತೀರ್ಪು ವಿರೋಧ ಪಕ್ಷದ ನಾಯಕರಿಗೆ ವೀಟೋ ಇಲ್ಲ ಎಂದೂ ಹೇಳಿತು. ಜೊತೆಗೆ, ಸದಸ್ಯರೊಬ್ಬರು ಒಪ್ಪದಿದ್ದರೆ ಅವರು ಕಾರಣ ಕೊಡಬೇಕು, ಅದನ್ನು ಬಹುಮತದವರು ತಳ್ಳಿಹಾಕುವುದಾದರೆ ಅವರೂ ಕಾರಣ ಕೊಡಬೇಕು ಎಂದಿತು. ಹೇಳಿದ್ದು ಜಾಗೃತ ಆಯೋಗದ ಮಟ್ಟಿಗೆ. ಆದರೆ ಲಂಚದ ಮೇಲೆ ಕಣ್ಣಿಡುವವರ ಆಯ್ಕೆಗೆ ಬೇಕಾದ ನ್ಯಾಯ, ಲಾಠಿಯ ಮೇಲೆ ಕಣ್ಣಿಡುವವರ ಆಯ್ಕೆಗೆ ಬೇಡವೇ?

ಸೀನಿಯರ್ ಚಹಾದ ಕಪ್ಪು ಕೆಳಗಿಟ್ಟರು. "ಇದು ಖರೇ ಪಾಯಿಂಟ್ ಅದ" ಎಂದರು. ಅವರ ಬಾಯಿಂದ ಇಷ್ಟು ಬರುವುದೇ ಹೆಚ್ಚು. ಹುಡುಗನಿಗೆ ಮಾತ್ರ ಸಮಾಧಾನವಿಲ್ಲ. "ಕಾರಣ ಬರೀತಾರ್ರಿ ಮೇಡಂ, ಎರಡು ಸಾಲು. 'ಅನುಭವ, ಅರ್ಹತೆ ಪರಿಗಣಿಸಲಾಗಿದೆ' ಅಂತ. ಅದ್ರಿಂದ ಏನಾಗ್ತದ?" ಆ ಎರಡು ಸಾಲನ್ನಾದರೂ ನಾವು ಓದಬಹುದಲ್ಲ, ಅದು ಪೊಳ್ಳು ಎಂದು ಬರೆಯಬಹುದಲ್ಲ ಎಂದೆ. ಆತ ತಲೆಯಾಡಿಸಲಿಲ್ಲ.

ಅರ್ಜಿಯನ್ನು ಕನ್ನಡದಲ್ಲೇ ಬರೆದೆವು. ಇಂಗ್ಲಿಷಿನಲ್ಲಿ ಬರೆದರೆ ಬೇಗ ಓದುತ್ತಾರೆ ಎಂದು ಸೀನಿಯರ್ ಗೊಣಗಿದರು. ಆದರೆ ಆಯಿಗೆ ಓದಿ ಹೇಳಿ, ಅವರು ತಿದ್ದಿ, ಮತ್ತೆ ಓದಿ ಹೇಳಬೇಕಿತ್ತು. ತಿದ್ದಿದರು ಕೂಡ. "ಹೊಡೆದರು" ಎಂದು ಹುಡುಗ ಬರೆದಿದ್ದಲ್ಲಿ ತಡೆದು, ಯಾವುದರಿಂದ, ಎಲ್ಲಿ, ಅಂಗಾಲಿಗೆ ಎಷ್ಟು ಹೊತ್ತು, ಮಗ ಮನೆಗೆ ಬಂದ ಮೇಲೆ ಎಷ್ಟು ದಿನ ಚಪ್ಪಲಿ ಹಾಕಲಾಗಲಿಲ್ಲ, ಎಲ್ಲವನ್ನೂ ಬರೆಸಿದರು. ಹಿಡಿದುಕೊಂಡು ಹೋಗುವಾಗ ಜಾತಿ ಹೆಸರಿಟ್ಟು ಬೈದದ್ದನ್ನು ಬರೆಯುವಾಗ ಮಾತ್ರ ಆ ಶಬ್ದವನ್ನು ತಾವು ಹೇಳಲಿಲ್ಲ. "ನಿಮಗ ಗೊತ್ತದಲ್ರಿ" ಎಂದರು. ಬರೆದೆ. ಹೆಬ್ಬೆಟ್ಟು ಒತ್ತಿದರು. ಎರಡರ ಬಸ್ಸು ತಪ್ಪಿತ್ತು, ಮೂರೂವರೆಯದಕ್ಕೆ ಹೋದರು. ಹೋಗುವಾಗ ಹುಡುಗನಿಗೆ, "ನೀ ಸಿಟ್ಟಾಗಬ್ಯಾಡಪ್ಪ. ಅವ್ರು ಯಾರಾರ ಇರ್ಲಿ, ಕಾಗದ ಹೋಗ್ಲಿ. ಹೋಗ್ಲಿಲ್ಲಂದ್ರ ನಾವು ಕೇಳೇ ಇಲ್ಲ ಅಂತಾರ" ಎಂದರು. ಕಾಲಮಿತಿ ಕಲಂನ ಇಷ್ಟು ಒಳ್ಳೆಯ ವ್ಯಾಖ್ಯಾನ ನಾನು ಯಾವ ಕಾಮೆಂಟರಿಯಲ್ಲೂ ಓದಿಲ್ಲ.

ಆ ರಾತ್ರಿ ಡಾ. ಮನಮೋಹನ್ ಸಿಂಗ್ ತೀರಿಕೊಂಡರು. ಬೆಳಗಾವಿಯ ಮರುದಿನದ ಸಮಾವೇಶ ರದ್ದಾಯಿತು. ಆಯೋಗದ ನೇಮಕ, ಭಿನ್ನಮತ ಎಲ್ಲ ಪತ್ರಿಕೆಗಳಿಂದ ಮಾಯ. 30ರಂದು ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ಸುದ್ದಿಯನ್ನು ಹುಡುಕಿ ಓದಬೇಕಾಯಿತು.

2025ರಲ್ಲಿ ಒಂದು ದಿನ ಜೂನಿಯರ್ ಹುಡುಗ ಓಡುತ್ತ ಬಂದು ಮೊಬೈಲ್ ತೋರಿಸಿದ. ದೇಶದೇಶಗಳ ಮಾನವ ಹಕ್ಕು ಆಯೋಗಗಳಿಗೆ ದರ್ಜೆ ಕೊಡುವ ಜಾಗತಿಕ ಒಕ್ಕೂಟದ ಮಾನ್ಯತಾ ಉಪಸಮಿತಿ ನಮ್ಮ ಆಯೋಗವನ್ನು 'ಎ'ಯಿಂದ 'ಬಿ'ಗೆ ಇಳಿಸಲು ಶಿಫಾರಸು ಮಾಡಿತ್ತು. 2023 ಮತ್ತು 2024ರಲ್ಲಿ ನಿರ್ಧಾರವನ್ನು ಮುಂದೂಡಿದ್ದವರೇ ಅವರು. ತನಿಖೆಯಲ್ಲಿ ಪೊಲೀಸರು, ಆಯ್ಕೆಯ ರೀತಿ, ಮಹಿಳೆಯರ ಮತ್ತು ಅಲ್ಪಸಂಖ್ಯಾತರ ಕೊರತೆ: ಅವರು ವರ್ಷಗಳಿಂದ ಹೇಳುತ್ತ ಬಂದದ್ದು ಇವನ್ನೇ. ನನಗೆ ಇದರಿಂದ ಅಂಥ ಖುಷಿಯೇನೂ ಆಗಲಿಲ್ಲ. ದರ್ಜೆ ಇಳಿದರೆ ಆಯೋಗದ ಮಾತಿನ ತೂಕ ಇನ್ನೂ ಇಳಿಯುತ್ತದೆ, ನಷ್ಟ ಆಯಿಯಂಥವರಿಗೆ.

ಅಧ್ಯಕ್ಷರ ಅವಧಿ ಈಗ ಮೂರೇ ವರ್ಷ, 2019ರ ತಿದ್ದುಪಡಿಗೆ ಮುಂಚೆ ಐದಿತ್ತು. ಅಂದರೆ ಮುಂದಿನ ಆಯ್ಕೆ 2027ರ ಡಿಸೆಂಬರ್ ಹೊತ್ತಿಗೆ. ಲೋಕಸಭೆ ಚುನಾವಣೆ 2029ಕ್ಕೆ. "ಹಂಗಾದ್ರ ಆಗೂ ನಾಕು ಎರಡೇ" ಎಂದರು ಸೀನಿಯರ್. ಅದಕ್ಕೇ ಈಗಿನಿಂದಲೇ 2011ರ ತೀರ್ಪಿನ ಆ ಸಾಲುಗಳನ್ನು ಹಿಡಿದು ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಕರಡು ಮಾಡುತ್ತಿದ್ದೇವೆ. ಪ್ರೇಯರ್‌ನಲ್ಲಿ, ಅಂದರೆ ಕೋರ್ಟಿಗೆ ಮಾಡುವ ಕೋರಿಕೆಯಲ್ಲಿ, ಏನು ಕೇಳಬೇಕು ಎಂಬಲ್ಲಿ ಸಿಕ್ಕಿಕೊಂಡಿದ್ದೇವೆ. ಭಿನ್ನಮತವನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ನೇಮಕದ ಜೊತೆಗೇ ಪ್ರಕಟಿಸಬೇಕು, ಅಷ್ಟು ಸಾಕು ಎಂಬುದು ನನ್ನ ಪಟ್ಟು. ಸಮಿತಿಯಿಂದ ಗೃಹ ಸಚಿವರನ್ನೇ ಕೈಬಿಡಬೇಕು, ಪೊಲೀಸರ ಮೇಲಿನ ದೂರು ಕೇಳುವವರನ್ನು ಪೊಲೀಸರ ಮಂತ್ರಿ ಆರಿಸಬಾರದು ಎಂಬುದು ಹುಡುಗನದ್ದು. ಅದಕ್ಕೆ ಕಾಯ್ದೆಗೇ ತಿದ್ದುಪಡಿ ಬೇಕು, ಕೋರ್ಟ್ ಕೊಡುವುದಿಲ್ಲ ಎಂದು ಎಷ್ಟು ಹೇಳಿದರೂ ಅವನು ಆ ಪ್ಯಾರಾ ಅಳಿಸಲು ಬಿಡುತ್ತಿಲ್ಲ.