ದುರ್ಗದ ಮಕ್ಕಳ ಕೈಗೆ ಕಡಲು

ನಾವಿರುವ ನ್ಯೂ ಬೆಡ್‌ಫರ್ಡ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ಬಂದರು ಊರು. 19ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ದೀಪ ಉರಿಸೋಕೆ ಅದರ ಎಣ್ಣೆ ಬೇಕಿತ್ತು. ಇಲ್ಲಿನ ಮ್ಯೂಸಿಯಂನಲ್ಲಿ 'ಲಗೋಡಾ' ಅನ್ನೋ ಹಡಗಿನ ಅರ್ಧ ಅಳತೆಯ ಮಾದರಿ ಇದೆ. ಮಕ್ಕಳು ಅದರ ಮೇಲೆ ಹತ್ತಿ ಓಡಾಡಬಹುದು.

ಮಗಳ ಶಾಲೆಯಲ್ಲಿ ಕಡಲ ಪಾಠವನ್ನೂ ಹೀಗೇ ಕೈಯಿಂದ ಮಾಡಿಸುತ್ತಾರೆ. ಪೋಷಕರೂ ಸಹಾಯಕ್ಕೆ ಹೋಗಬಹುದು, ನಾನು ತಪ್ಪದೆ ಹೋಗುತ್ತೇನೆ. ಇದು ನಮ್ಮ ಮಕ್ಕಳಿಗೂ ಸಿಗಬೇಕು ಅನ್ನಿಸಿ, ಜುಲೈನಲ್ಲಿ ಚಿತ್ರದುರ್ಗಕ್ಕೆ ಬಂದಾಗ ಅಕ್ಕ ಪಾಠ ಮಾಡುವ ಶಾಲೆಯಲ್ಲಿ ಮಾಡಿಸಿದೆ.

ಬೇಕಾದದ್ದೆಲ್ಲ ಪೇಟೆಯಲ್ಲೇ ಸಿಕ್ಕಿತು. ಒಂದು ಜಿಪ್ ಕವರಿಗೆ ಡಾಲ್ಡಾ ಹಾಕಿ. ಇನ್ನೊಂದು ಕವರನ್ನು ಒಳಹೊರಗು ತಿರುಗಿಸಿ ಅದರೊಳಗೆ ಇಳಿಸಿ, ಎರಡರ ಬಾಯಿಯನ್ನೂ ಸೇರಿಸಿ ಟೇಪ್ ಅಂಟಿಸಿ. ಡಾಲ್ಡಾ ನಡುವೆ ಉಳಿಯುತ್ತೆ, ಕೈಗೆ ಮೆತ್ತಲ್ಲ. ಒಂದು ಕೈಗೆ ಈ ಗವಸು, ಇನ್ನೊಂದಕ್ಕೆ ಬರೀ ಖಾಲಿ ಕವರು. ಎರಡನ್ನೂ ಐಸ್ ಹಾಕಿದ ಬಕೆಟ್ಟಿನಲ್ಲಿ ಅದ್ದಬೇಕು.

"ಮಿಸ್, ಈ ಕೈಗೆ ಏನೂ ಆಗ್ತಿಲ್ಲ! ಆ ಕೈ ಮರಗಟ್ಟುತ್ತೈತೆ!" ಅಂತ ಒಬ್ಬ ಹುಡುಗಿ ಕೂಗಿದಳು.

"ಯಾಕಿರಬಹುದು ಹೇಳ್ರಿ ನೋಡೋಣ?" ಅಂದಳು ಅಕ್ಕ.

ಕೊಬ್ಬಿನ ಮೂಲಕ ಶಾಖ ಬೇಗ ದಾಟಲ್ಲ. ತಿಮಿಂಗಿಲವೂ ನಮ್ಮ ಹಾಗೇ ಬಿಸಿರಕ್ತದ ಪ್ರಾಣಿ. ಚರ್ಮದಡಿಯ ದಪ್ಪ ಕೊಬ್ಬಿನಿಂದಲೇ ಅದು ಮಂಜುಗಡ್ಡೆ ತೇಲುವ ನೀರಲ್ಲೂ ಬದುಕುತ್ತೆ. ಇದನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಅಷ್ಟೇ. ಕೈಗೆ ಗೊತ್ತಾದದ್ದು ಮರೆಯಲ್ಲ. ಆಮೇಲೆ ನೀಲಿ ತಿಮಿಂಗಿಲ ಎಷ್ಟುದ್ದ ಬೆಳೆಯಬಹುದು ಅಂತ ತೋರಿಸೋಕೆ ಅಂಗಳದಲ್ಲಿ 30 ಮೀಟರ್ ಸುತ್ಲಿ ಎಳೆದೆವು.

ನನಗೆ ಜಾಸ್ತಿ ಇಷ್ಟವಾದದ್ದು ನಾವಿಕರ ಲೆಕ್ಕ. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುಬಿಂದುವಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡಿ. ಸ್ಟ್ರಾದಲ್ಲಿ ಧ್ರುವನಕ್ಷತ್ರ ನೋಡುವಾಗ ದಾರ ಯಾವ ಅಂಕೆ ಮೇಲಿದೆಯೋ ಅದಕ್ಕೂ 90ಕ್ಕೂ ಇರುವ ವ್ಯತ್ಯಾಸವೇ ನಕ್ಷತ್ರದ ಎತ್ತರ. ಹೆಚ್ಚುಕಡಿಮೆ ಅದೇ ನಿಮ್ಮೂರಿನ ಅಕ್ಷಾಂಶ. (ಸೂರ್ಯನನ್ನು ಮಾತ್ರ ಇದರಲ್ಲಿ ನೋಡಲೇಬಾರದು.) ಮೋಡ ಸರಿದ ರಾತ್ರಿ ಅಕ್ಕನ ತಾರಸಿ ಮೇಲೆ ಅಳೆದೆವು. 14ರ ಆಸುಪಾಸು ಬಂತು. ನ್ಯೂ ಬೆಡ್‌ಫರ್ಡ್‌ನಲ್ಲಿ 42ರ ಹತ್ತಿರ ಬರುತ್ತೆ. ಕಡಲ ನಡುವೆ ಹಡಗು ಎಷ್ಟು ಉತ್ತರಕ್ಕಿದೆ ಅಂತ ಹಿಂದಿನವರು ತಿಳಿಯುತ್ತಿದ್ದದ್ದು ಹೀಗೇ.

ಬಯಲುಸೀಮೆಗೂ ಕಡಲಿಗೂ ಏನು ಸಂಬಂಧ ಅನ್ನೋರು ಒಮ್ಮೆ ಮರಡಿಹಳ್ಳಿಗೆ ಹೋಗಿ ಬನ್ನಿ. ಚಿತ್ರದುರ್ಗಕ್ಕೆ ಹತ್ತಿರವೇ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿನ ಬಂಡೆಗಳು ದಿಂಬು ಒಟ್ಟಿದಂತೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ಅದು. ನೀರು ತಾಗಿದ ತಕ್ಷಣ ಹೊರಪದರ ಗಟ್ಟಿಯಾಗುತ್ತೆ, ಒಳಗಿನ ಬಿಸಿ ಲಾವಾ ಉಬ್ಬಿ ದುಂಡಗಾಗುತ್ತೆ. ಸಾಗರದ ತಳದಲ್ಲಿ ಇವತ್ತಿಗೂ ಹೀಗೇ ಆಗ್ತಿದೆ.

ದುರ್ಗ, ದಾವಣಗೆರೆ ಕಡೆಯ ಮೇಷ್ಟ್ರುಗಳೇ, ಡಾಲ್ಡಾ ಪಾಠ ಮುಗಿದ ವಾರವೇ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬಂಡೆ ಸವರಿ ನೋಡಲಿ, ಚೂರು ಮಾತ್ರ ಕೀಳದಿರಲಿ. ಅಕ್ಕ ಮುಂದಿನ ತಿಂಗಳು ಏಳನೇ ಕ್ಲಾಸಿನವರನ್ನು ಹೊರಡಿಸುತ್ತಿದ್ದಾಳೆ.